ಬೆಂಗಳೂರಿನ ಹೂವಿನ ವ್ಯಾಪಾರದ ಮೂರು ಮಾನಗಳು

ಮಾಲೆಯನ್ನು ಕಟ್ಟಿ ಜೀವಿಸುವವನಿಗೆ ಅಮರಕೋಶವು ಮಾಲಾಕಾರ, ಮಾಲಿಕ ಎಂಬ ಹೆಸರುಗಳನ್ನು ಹೇಳುತ್ತದೆ. ಇವೆರಡೂ ಮಾಲೆಯಿಂದ ಹುಟ್ಟಿದ ಹೆಸರುಗಳೇ ಹೊರತು ಹೂವಿನಿಂದ ಹುಟ್ಟಿದವಲ್ಲ. ಮೇಘದೂತದಲ್ಲಿ ಬರುವ ಪುಷ್ಪಲಾವಿಯರು ಹೂವನ್ನು ಕೊಯ್ಯುವವರು. ಮಾರುವವರೆಂದು ಅಲ್ಲಿ ಹೇಳಿಲ್ಲ. ಕನ್ನಡದ ಹೂವಾಡಿಗ ಶಬ್ದದಲ್ಲಿ ಹೂವೇ ಮುಂದಾಗಿದ್ದರೂ ಅವನು ಅಳೆದು ಕೊಡುವುದು ಮಾಲೆಯನ್ನೇ. ಆದುದರಿಂದ ನಮ್ಮಲ್ಲಿ ಹೂವು ಪಣ್ಯವಸ್ತುವಾದುದು ಬಹುಮಟ್ಟಿಗೆ ಮಾಲೆಯ ರೂಪದಿಂದಲೇ ಎಂದು ಊಹಿಸಬಹುದು. ದಂಟಿನೊಡನೆ ಕೊಯ್ದು ಎಣಿಸಿ ಮಾರುವ ಪದ್ಧತಿಯು ಬೇರೆ ಪರಂಪರೆಗೆ ಸೇರಿದುದು. ಇವೆರಡೂ ಬೆಂಗಳೂರಿನಲ್ಲಿ ಹೇಗೆ ಕೂಡಿದುವೆಂಬುದನ್ನು ಅಳತೆಯ ಮಾನಗಳ ಆಧಾರದಿಂದ ಇಲ್ಲಿ ವಿಚಾರಿಸಲು ಉದ್ದೇಶಿಸಿದೆ.

ಕ್ರಿ. ಶ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು, ಅಲ್ಲಿ ಗುಲಾಬಿಯು ಎಲ್ಲೆಡೆಯೂ ಮಾರಾಟಕ್ಕಿದ್ದಿತೆಂದೂ ಜನರು ಅದನ್ನು ಆಹಾರದಷ್ಟೇ ಆವಶ್ಯಕವೆಂದು ಎಣಿಸುತ್ತಿದ್ದರೆಂದೂ ಬರೆದಿರುವನು. ಆ ಸಾಮ್ರಾಜ್ಯದ ಸಾಮಂತನಾದ ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧವಾದ ಬೆಂಗಳೂರಿನಲ್ಲಿ ಅಕ್ಕಿಪೇಟೆ, ರಾಗಿಪೇಟೆಗಳು ಸರಕಿನ ಹೆಸರನ್ನು ಪಡೆದಿವೆ. ತಿಗಳರಪೇಟೆಯಾದರೋ ತೋಟಗಾರರ ಹೆಸರನ್ನು ಪಡೆದಿದೆ. ಅಲ್ಲಿಯ ಧರ್ಮರಾಯನ ಗುಡಿಯಿಂದ ಚೈತ್ರದ ಹುಣ್ಣಿಮೆಯಂದು ಹೊರಡುವ ಕರಗವು ಮಲ್ಲಿಗೆಯಿಂದ ಅಲಂಕೃತವಾಗಿರುವುದು ಸುವಿದಿತ. ಸಮೀಪದಲ್ಲಿಯೇ, ಹಿಂದೆ ಸಿದ್ಧಿಕಟ್ಟೆಯೆಂಬ ಕೆರೆಯಿದ್ದ ಎಡೆಯಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆಯು ತೆರೆಯಲ್ಪಟ್ಟು ಹೂವಿನ ಸಗಟು ವ್ಯಾಪಾರಕ್ಕೆ ನೆಲೆಯಾಯಿತು.

ಈ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಸೇವಂತಿಗೆ, ಚೆಂಡುಹೂವು, ಕನಕಾಂಬರಗಳು ತೂಕದಿಂದ ಮಾರಲ್ಪಡುತ್ತವೆ. ಅವೇ ಹೂಗಳು ಹೂವಾಡಗಿತ್ತಿಯ ಕೈಸೇರಿ ದಾರವನ್ನೇರಿದೊಡನೆ ತೂಕವು ಹೋಗಿ ಮೊಳವು ಬರುತ್ತದೆ. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು. ಕೊಳ್ಳುವವರು ಹೂವಿನ ಮೊಳವು ಗಿಡ್ಡವಾಯಿತೆಂದು ದೂರುವುದುಂಟು. ಈ ದೂರು ನ್ಯಾಯವಾದುದೇ? ಕೌಟಿಲ್ಯನು ಹಸ್ತಕ್ಕೆ ೨೪ ಅಂಗುಲಗಳನ್ನು ಹೇಳಿ, ಹಗ್ಗವನ್ನು ಅಳೆಯುವ ವ್ಯಾಮಕ್ಕೆ ೮೪ ಅಂಗುಲಗಳನ್ನು ಮಾತ್ರ ವಿಧಿಸಿರುವನು. ವ್ಯಾಮವೆಂದರೆ ನಮ್ಮ ಮಾರು. ಇದನ್ನು ನಾಲ್ಕರಿಂದ ಭಾಗಿಸಿದರೆ ಮೊಳಕ್ಕೆ ೨೧ ಅಂಗುಲವಾಗಿ, ಮೂರು ಅಂಗುಲ ಕಡಮೆಯಾಗುತ್ತದೆ. ಮಾಲೆಯೂ ಒಂದು ಬಗೆಯ ಹಗ್ಗವೇ. ಈ ಲೆಕ್ಕವು ಊಹೆಯೇ ಹೊರತು ಸಿದ್ಧಾಂತವಲ್ಲ; ಆದರೂ ವಸ್ತುಭೇದದಿಂದ ಮಾನಭೇದವುಂಟೆಂಬುದು ಪೂರ್ವಿಕರಿಗೆ ಸಮ್ಮತವಾಗಿದ್ದಿತೆಂಬಷ್ಟು ನಿಶ್ಚಯ. ೧೯೫೬ರ ಕಾನೂನಿನ ತರುವಾಯ ಸೇರು, ಮಣಗಳು ಪೇಟೆಯಿಂದ ಮರೆಯಾದುವು. ಮೊಳವು ಮಾತ್ರ ಉಳಿದಿದೆ. ಏಕೆಂದರೆ ಮಾಲೆಯ ಬೆಲೆಯು ಉದ್ದವೊಂದರಿಂದಲೇ ನಿರ್ಣೀತವಾಗದು. ಹೂಗಳನ್ನು ಒತ್ತಾಗಿ ಕಟ್ಟಿದೆಯೋ ವಿರಳವಾಗಿ ಕಟ್ಟಿದೆಯೋ ಎಂಬುದನ್ನೂ ನೋಡಬೇಕು. ಅದನ್ನು ಯಾವ ಅಳತೆಗೋಲೂ ಹೇಳಲಾರದು.

ಮೂರನೆಯ ಮಾನವು ದಂಟಿನ ಎಣಿಕೆ. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ ಲಾಲ್‌ಬಾಗು, ೧೮೦೯ರಲ್ಲಿ ನೆಲೆಗೊಂಡ ದಂಡುಪ್ರದೇಶ, ೧೮೮೯ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ, ಅಲ್ಲಿಯ ಫಲಪುಷ್ಪ ಪ್ರದರ್ಶನಗಳು, ಇವುಗಳ ಸಂಸರ್ಗದಿಂದ ಹೂವನ್ನು ಮುಡಿಯುವುದರ ಜತೆಗೆ ಹೂದಾನಿಯಲ್ಲಿ ನಿಲ್ಲಿಸಿ ನೋಡುವ ರೂಢಿಯು ಬಲಿತಿತೆಂದು ತೋರುತ್ತದೆ. ಈಗ ಹೆಬ್ಬಾಳದ ಹರಾಜು ಕೇಂದ್ರದ ಡಚ್ಚರ ಕ್ರಮದ ಹರಾಜಿನಲ್ಲಿ ಬೆಲೆಯು ಮೇಲಿನಿಂದ ಇಳಿಯುತ್ತ ಬರುತ್ತದೆ. ಮೊದಲು ತಡೆದವನಿಗೆ ಸರಕು. ಮೆಕ್ಸಿಕೋ ದೇಶದಿಂದ ಬಂದ ಸುಗಂಧರಾಜವು ಈ ಎರಡು ಪರಂಪರೆಗಳ ಸಂಧಿಸ್ಥಾನ: ಬಿಡಿಹೂವಾದರೆ ತೂಕಕ್ಕೆ ಸಲ್ಲುತ್ತದೆ, ದಂಟಿನೊಡನಿದ್ದರೆ ಎಣಿಕೆಗೆ, ಹಾರವಾದರೆ ಮಾಲಾಕಾರನ ಕೈಗೆ.

ಇದರಿಂದ ಶಾಸನಾಭ್ಯಾಸಿಗಳಿಗೂ ಒಂದು ಪ್ರಯೋಜನವುಂಟು. ದೇವಾಲಯಗಳಿಗೆ ಬಿಟ್ಟ ಹೂದೋಟಗಳನ್ನು ಅಳೆದ ಗಳೆಗಳು ಊರಿಂದೂರಿಗೆ ಬೇರೆಯಾಗಿದ್ದುವು. ಅವನ್ನು ಇಂದಿನ ಅಡಿ ಅಂಗುಲಗಳಿಗೆ ಒಮ್ಮೆಲೇ ಇಳಿಸುವುದು ಸಾಹಸವೇ ಸರಿ. ಉಡುಪಿಯ ಕಡೆಯಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳಿಂದ ಲೆಕ್ಕಿಸುವರು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇಂತಹ ಶಬ್ದಗಳು ಪ್ರತಿಯೊಂದು ಊರಿನ ಹೂವಿನ ಕಟ್ಟೆಯ ಮೇಲೂ ಇದ್ದೇ ಇರುವುವು. ಕಟ್ಟುವ ಕೈಗಳು ಕಡಮೆಯಾದಂತೆ ಆ ಮಾತುಗಳೂ ಬಾಡುವುವು. ಅಧ್ಯಾಪಕರು ತಮ್ಮ ತಮ್ಮ ಊರುಗಳಲ್ಲಿ ಅವನ್ನು ಕೇಳಿ ಬರೆದಿಡುವುದಾದರೆ ಕೋಶಕಾರರಿಗೂ ಚರಿತ್ರಕಾರರಿಗೂ ಮಹದುಪಕಾರವಾಗುವುದು.