ಗಾಳಿಯಲ್ಲಿ ಬಯಲು, ಡಬ್ಬಿಯಲ್ಲಿ ಬೀಗ

ಇಂಗ್ಲೆಂಡಿನ ಫ್ರೀವ್ಯೂ ಬಗ್ಗೆ ಕೇಳಿದ್ದೀರಾ? 2002ರ ಅಕ್ಟೋಬರ್ 30ರಂದು ಶುರುವಾದ ಡಿಜಿಟಲ್ ಟೀವಿ ಸೇವೆ ಅದು. ವರ್ಷಕ್ಕೊಮ್ಮೆ ಟೀವಿ ಲೈಸೆನ್ಸಿನ ದುಡ್ಡು ಕಟ್ಟಿ, ಮನೆ ಮೇಲೊಂದು ಆಂಟೆನಾ ನಿಲ್ಲಿಸಿದರೆ ಆಯ್ತು, ತಿಂಗಳ ಚಂದಾ ಅಂತ ಏನೂ ಇಲ್ಲ. ಬಿಬಿಸಿಯಂಥ ಚಾನೆಲ್ಲುಗಳು ಗಾಳಿಯಲ್ಲಿ ಬಯಲಾಗಿಯೇ ಬರುತ್ತವೆ. ಆದರೆ ತಮಾಷೆ ನೋಡಿ, ಅದೇ ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕ್ ಇರುವ ರೆಕಾರ್ಡರಿನಲ್ಲಿ ಹಿಡಿದಿಟ್ಟರೆ, ಹಲವು ರೆಕಾರ್ಡರುಗಳು ಅದನ್ನು ಎನ್‌ಕ್ರಿಪ್ಟ್ ಮಾಡಿಯೇ ಡಿಸ್ಕಿಗೆ ಬರೆಯುತ್ತವೆ. ಎಲ್ಲರಿಗೂ ಬಿಟ್ಟಿ ಹಂಚಿದ ಹಣ್ಣನ್ನು ಮನೆಗೆ ತಂದು ತಿಜೋರಿಗೆ ಹಾಕಿ, ಕೀಲಿಕೈಯನ್ನೂ ತಿಜೋರಿಯೊಳಗೇ ಇಟ್ಟ ಹಾಗೆ!

ಈ ಬೀಗ ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದೆ. ಸಿಕ್ಕಿದ ಕಥೆ ಇದು. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ :)

ಕಥೆ ಶುರುವಾಗೋದು ಕ್ಯಾಸೆಟ್ಟಿನಿಂದ. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ತಂತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಅಮೆರಿಕದಲ್ಲಿ ಸೋನಿ ಮೇಲೆ ಕೇಸು ಹಾಕಿದವು. ಜನ ಮನೆಯಲ್ಲಿ ಕೂತು ನಮ್ಮ ಸಿನಿಮಾ ನಕಲು ಮಾಡ್ಕೋತಾರೆ ಅನ್ನೋದು ಅವರ ದೂರು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1984ರ ಜನವರಿ 17ರಂದು ತೀರ್ಪು ಬಂತು. ಐವರು ನ್ಯಾಯಾಧೀಶರು ಸೋನಿ ಪರ, ನಾಲ್ವರು ವಿರುದ್ಧ. ಆಮೇಲೆ ನೋಡೋದಕ್ಕೆ ಅಂತ ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಅಂದಿತು ಕೋರ್ಟು. ಒಂದೇ ಒಂದು ಮತದಲ್ಲಿ ಉಳಿದ ಹಕ್ಕು! ಬ್ರಿಟನ್ನಿನಲ್ಲಿ 1988ರ ಕಾಪಿರೈಟ್ ಕಾಯ್ದೆ ಇದೇ ಮಾತನ್ನು ಕಾನೂನಾಗಿಯೇ ಬರೆಯಿತು.

ಮನೆಯಲ್ಲಿ ಮಾಡಿದ ಇಂಥ ರೆಕಾರ್ಡಿಂಗುಗಳಿಂದ ಏನು ಮಹಾ ಉಪಯೋಗ ಅಂತೀರಾ? ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯನ್ನೇ ತಗೊಳ್ಳಿ. ವೀಡಿಯೋ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿ ಹಳೇ ಕಂತುಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸುತ್ತಿತ್ತು. ಹಾಗಾಗಿ 1960ರ ದಶಕದ ಎಷ್ಟೋ ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಹೇಗೆ? ಕೆಲವು ಅಭಿಮಾನಿಗಳು ಪ್ರಸಾರದ ಹೊತ್ತಿಗೆ ಮನೆಯ ಟೇಪ್ ರೆಕಾರ್ಡರ್ ಹಚ್ಚಿಟ್ಟಿದ್ದರು, ಅಷ್ಟೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಅಂತ ಒಬ್ಬರು ಇದ್ದರು, ಒಂದು ಕಾಲಕ್ಕೆ ಲೈಬ್ರರಿಯಲ್ಲಿ ಕೆಲಸ ಮಾಡಿದವರು. 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೂ ಹಗಲೂ ರಾತ್ರಿ ಟೀವಿ ಸುದ್ದಿಗಳನ್ನು ರೆಕಾರ್ಡ್ ಮಾಡುತ್ತಲೇ ಇದ್ದರು. ಸುಮಾರು 70 ಸಾವಿರ ಟೇಪುಗಳು! ಅವೆಲ್ಲ ಆಮೇಲೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಗೆ ಹೋದವು. ಯಾರೋ ಹುಚ್ಚು ಅಂದುಕೊಂಡಿದ್ದು ಇನ್ಯಾರಿಗೋ ಇತಿಹಾಸವಾಯಿತು.

ಇದೆಲ್ಲ ಆಗಿದ್ದು ಟೇಪಿಗೆ ಬೀಗ ಇಲ್ಲದ್ದರಿಂದ. ಒಂದು ಪ್ಲೇಯರ್ ಕೆಟ್ಟರೆ ಇನ್ನೊಂದಕ್ಕೆ ಹಾಕಬಹುದಿತ್ತು.

1999ರಲ್ಲಿ ಟೀವೋ ಮತ್ತು ರಿಪ್ಲೇಟೀವಿ ಬಂದವು. ಟೇಪಿನ ಜಾಗಕ್ಕೆ ಹಾರ್ಡ್ ಡಿಸ್ಕ್. ಡಿಜಿಟಲ್ ಪ್ರಸಾರ ಅಂದರೆ 188 ಬೈಟುಗಳ ಪುಟ್ಟ ಪುಟ್ಟ ಪೊಟ್ಟಣಗಳ ಮೆರವಣಿಗೆ. ಪ್ರತಿ ಪೊಟ್ಟಣದ ಮೊದಲ ಬೈಟ್ ಹೆಕ್ಸಿನಲ್ಲಿ 47. ರೆಕಾರ್ಡರ್ ಆ ಪೊಟ್ಟಣಗಳನ್ನು ಹಾಗೇ ಡಿಸ್ಕಿಗೆ ಸುರಿಯುತ್ತೆ. ಟೇಪಿನ ನಕಲಿಗೆ ನಕಲು ಮಾಡಿದರೆ ಚಿತ್ರ ಮಂಕಾಗುತ್ತಿತ್ತು, ಇಲ್ಲಿ ನೂರನೇ ನಕಲೂ ಮೊದಲನೆಯದರಷ್ಟೇ ಚೊಕ್ಕ. ಹಕ್ಕುದಾರರಿಗೆ ಹೆದರಿಕೆ ಆಗಿದ್ದು ಇಲ್ಲಿ. ಆ ಹೆದರಿಕೆ ಪೂರ್ತಿ ಸುಳ್ಳು ಅಂತ ನಾನೂ ಹೇಳಲ್ಲ.

ಅಮೆರಿಕದ ಎಫ್‌ಸಿಸಿ 2003ರ ನವೆಂಬರಿನಲ್ಲಿ 'ಬ್ರಾಡ್‌ಕಾಸ್ಟ್ ಫ್ಲ್ಯಾಗ್' ನಿಯಮ ತಂತು. ಪ್ರಸಾರದೊಳಗೆ ಒಂದು ಸಣ್ಣ ಗುರುತು ಇರುತ್ತೆ, ಅದು ಕಂಡರೆ ರೆಕಾರ್ಡರುಗಳು ಕಾರ್ಯಕ್ರಮವನ್ನು ಬಯಲಲ್ಲಿ ಹೊರಗೆ ಬಿಡಕೂಡದು. 2005ರ ಜುಲೈನಿಂದ ಜಾರಿ ಆಗಬೇಕಿತ್ತು. ಇದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ಯಾರದ್ದು ಗೊತ್ತಾ? ಅಮೆರಿಕದ ಗ್ರಂಥಾಲಯಗಳ ಸಂಘದ್ದು! 2005ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು, ಪ್ರಸಾರ ಮುಗಿದ ಮೇಲೆ ಡಬ್ಬಿಯೊಳಗೆ ಏನಾಗಬೇಕು ಅಂತ ಹೇಳೋ ಅಧಿಕಾರ ಎಫ್‌ಸಿಸಿಗೆ ಇಲ್ಲ ಅಂದು ನಿಯಮವನ್ನು ಹೊಡೆದುಹಾಕಿತು.

ಅಮೆರಿಕದಲ್ಲಿ ಬಾಗಿಲಿನಿಂದ ಬರಲಾಗದ್ದು ಇಂಗ್ಲೆಂಡಿನಲ್ಲಿ ಕಿಟಕಿಯಿಂದ ಬಂತು. ಫ್ರೀವ್ಯೂದಲ್ಲಿ ಎಚ್‌ಡಿ ಪ್ರಸಾರ 2009ರ ಡಿಸೆಂಬರಿನಲ್ಲಿ ಶುರುವಾಯಿತು. ಅದಕ್ಕೆ ಮುಂಚೆಯೇ, ಆಗಸ್ಟಿನಲ್ಲಿ, ಬಿಬಿಸಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ ಕಾಗದ ಬರೆದಿತ್ತು. ನಕಲಿಗೆ ಕಡಿವಾಣ ಇಲ್ಲದಿದ್ದರೆ ಹಕ್ಕುದಾರರು ಎಚ್‌ಡಿ ಕಾರ್ಯಕ್ರಮ ಕೊಡೋದಿಲ್ಲ ಅನ್ನೋದು ವಾದ. ಆದರೆ ಸಾರ್ವಜನಿಕ ಪ್ರಸಾರದ ಚಿತ್ರ, ಧ್ವನಿಗೆ ಬೀಗ ಹಾಕೋ ಹಾಗಿಲ್ಲ. ಅದಕ್ಕೆ ಹುಡುಕಿದ ಉಪಾಯ ಮಾತ್ರ ಭಾರೀ ಚಾಣಾಕ್ಷತನದ್ದು. ಚಿತ್ರವನ್ನು ಹಾಗೇ ಬಿಟ್ಟು, ಕಾರ್ಯಕ್ರಮಗಳ ಪಟ್ಟಿಯನ್ನು ಹಫ್‌ಮನ್ ವಿಧಾನದಲ್ಲಿ ಕುಗ್ಗಿಸಿ ಕಳಿಸೋದು!

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಹಫ್‌ಮನ್ ಹಳೇ ಗೆಳೆಯ, ಪರೀಕ್ಷೆಯಲ್ಲಿ ಮರ ಬರೆದು ಬರೆದು ಸುಸ್ತಾಗಿರ್ತೀರಿ. 1952ರ ವಿಧಾನ ಅದು. ಹೆಚ್ಚು ಸಲ ಬರುವ ಅಕ್ಷರಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ಆದರೆ ಯಾವ ಅಕ್ಷರಕ್ಕೆ ಯಾವ ಸಂಕೇತ ಅನ್ನೋ ಕೋಷ್ಟಕ ಇಲ್ಲದೆ ಬಿಡಿಸೋಕೆ ಆಗಲ್ಲ. ನಕಲಿನ ನಿಯಮಗಳಿಗೆ ಒಪ್ಪಿ ಸಹಿ ಹಾಕಿದ ತಯಾರಕರಿಗೆ ಮಾತ್ರ ಕೋಷ್ಟಕ. ಓಪನ್ ರೈಟ್ಸ್ ಗ್ರೂಪ್‌ನಂಥವರು ಜೋರಾಗಿ ವಿರೋಧಿಸಿದರು. ಆದರೂ 2010ರ ಜೂನಿನಲ್ಲಿ ಆಫ್‌ಕಾಮ್ ಒಪ್ಪಿಗೆ ಕೊಟ್ಟಿತು. ಉಪಗ್ರಹದ ಫ್ರೀಸ್ಯಾಟ್ ಸೇವೆಯೂ ಪಟ್ಟಿಯನ್ನು ಹೀಗೇ ಕುಗ್ಗಿಸುತ್ತಿತ್ತು. ಅದರ ಕೋಷ್ಟಕವನ್ನು ಮುಕ್ತ ತಂತ್ರಾಂಶದ ಹುಡುಗರು ಬಿಡಿಸಿ ಮಿತ್‌ಟೀವಿಯ ಕೋಡಿನಲ್ಲಿ ಹಾಕಿಯೇಬಿಟ್ಟರು. ಅಂದರೆ ಗಟ್ಟಿಗರಿಗೆ ಅದು ಬೀಗವೇ ಅಲ್ಲ, ಅಂಗಡಿಯಲ್ಲಿ ಡಬ್ಬಿ ಕೊಂಡು ತರುವ ಸಾಮಾನ್ಯರಿಗೆ ಮಾತ್ರ ಬೀಗ.

ಆ ಡಬ್ಬಿಯೊಳಗೆ ಏನಿರುತ್ತೆ? 2010ರಲ್ಲಿ ಬಂದ ಹ್ಯೂಮ್ಯಾಕ್ಸ್ ಎಚ್‌ಡಿಆರ್-ಫಾಕ್ಸ್ ಟಿ2 ಅಲ್ಲಿ ತುಂಬಾ ಹೆಸರುವಾಸಿ. ಅದರಲ್ಲಿ ಒಂದೊಂದು ರೆಕಾರ್ಡಿಂಗಿಗೂ ಒಂದೇ ಹೆಸರಿನ ಹಲವು ಫೈಲುಗಳು. ಟಿಎಸ್ ಅನ್ನೋದರಲ್ಲಿ ಚಿತ್ರ ಮತ್ತು ಧ್ವನಿ, ಎನ್‌ಟಿಎಸ್‌ನಲ್ಲಿ ಮುಂದೆ ಹಿಂದೆ ಓಡಿಸೋಕೆ ಬೇಕಾದ ಸೂಚಿ, ಎಚ್‌ಎಂಟಿಯಲ್ಲಿ ಮೆಟಾಡೇಟಾ: ಕಾರ್ಯಕ್ರಮದ ಹೆಸರು, ಚಾನೆಲ್, ಹೊತ್ತು, ಎಲ್ಲಿಯವರೆಗೆ ನೋಡಿದ್ದೀರಿ, ಇತ್ಯಾದಿ. ಸಾಮಾನ್ಯ ಕಾರ್ಯಕ್ರಮವನ್ನು ಯುಎಸ್‌ಬಿಗೆ ನಕಲು ಮಾಡಿದರೆ ಡಬ್ಬಿಯೇ ಬೀಗ ಬಿಚ್ಚಿ ಕೊಡುತ್ತೆ. ಎಚ್‌ಡಿ ಆದರೆ ಬೀಗದ ಸಮೇತ ಕೊಡುತ್ತೆ. ಬಿಚ್ಚಬೇಕೋ ಬೇಡವೋ ಅನ್ನೋದು ಆ ಎಚ್‌ಎಂಟಿ ಫೈಲಿನ ಒಂದು ಪುಟ್ಟ ಗುರುತಿನ ಮೇಲೆ ನಿಂತಿದೆ. ಗಿಗಾಬೈಟುಗಟ್ಟಲೆ ಚಿತ್ರದ ಹಣೆಬರಹ ಕೆಲವು ಕಿಲೋಬೈಟಿನ ಫೈಲಿನಲ್ಲಿ! ಬೀಗದ ಕೀಲಿ ಮಾತ್ರ ಆಯಾ ಡಬ್ಬಿಯದೇ. ಪಕ್ಕದ ಮನೆಯಲ್ಲಿ ಅದೇ ಮಾಡೆಲ್ ಇದ್ದರೂ ನಿಮ್ಮ ಡಿಸ್ಕ್ ಅಲ್ಲಿ ಓಡಲ್ಲ.

ಇದು ಬರೀ ಓದಿನ ಮಾತಲ್ಲ. ನಮ್ಮ ಚಿಕ್ಕಪ್ಪ ಲೆಸ್ಟರಿನಲ್ಲಿ ಹಲವು ವರ್ಷ ಇದ್ದು 2016ರಲ್ಲಿ ಮೈಸೂರಿಗೆ ವಾಪಸ್ ಬಂದರು. ಅವರದು ಬೇರೆ ಕಂಪನಿಯ ರೆಕಾರ್ಡರ್, ಹೆಸರು ಬೇಡ. ಬರುವಾಗ ಭಾರ ಯಾಕೆ ಅಂತ ಡಬ್ಬಿಯನ್ನು ಅಲ್ಲೇ ಗುಜರಿಗೆ ಹಾಕಿ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ತಂದಿದ್ದರು. ಮೊನ್ನೆ ಅದನ್ನು ನನ್ನ ಕೈಗಿಟ್ಟು "ನಿಮ್ಮ ಚಿಕ್ಕಮ್ಮ ಇದರಲ್ಲಿದಾಳೆ ಕಣೋ, ತೆಗೆದುಕೊಡು" ಅಂದರು. 2012ರ ದೀಪಾವಳಿಯ ಸಂಜೆ ಬೆಲ್‌ಗ್ರೇವ್ ರಸ್ತೆಯಲ್ಲಿ ಸ್ಥಳೀಯ ವಾರ್ತೆಯವರು ಚಿಕ್ಕಮ್ಮನ ಮುಂದೆ ಮೈಕ್ ಹಿಡಿದಿದ್ದರಂತೆ. ಚಿಕ್ಕಮ್ಮ ಈಗಿಲ್ಲ.

ವಿಂಡೋಸಿಗೆ ಹಾಕಿದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಬೇಡ ಅಂದು ಲಿನಕ್ಸಿನಲ್ಲಿ ಹಾಕಿದೆ, ಫೋಲ್ಡರುಗಳೆಲ್ಲ ಕಂಡವು. ಮೆಟಾಡೇಟಾ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ. ವಾರ್ತೆಯ ಹೆಸರು, ಚಾನೆಲ್ಲು, 2012 ನವೆಂಬರ್ 13, ಸಂಜೆ 6:30, ಅರ್ಧ ಗಂಟೆ. ಎಲ್ಲ ಸ್ಪಷ್ಟವಾಗಿ ಓದೋಕೆ ಬಂತು. ಚಿತ್ರದ ಫೈಲೂ ಪೂರ್ತಿ ಇದೆ, ಒಂದು ಬೈಟೂ ಹಾಳಾಗಿಲ್ಲ. ಆದರೆ 188 ಬೈಟಿಗೊಮ್ಮೆ ಕಾಣಬೇಕಾದ 47 ಎಲ್ಲೂ ಇಲ್ಲ, ಬರೀ ಕಲಸುಮೇಲೋಗರ. ಕೀಲಿ ಇದ್ದದ್ದು ಲೆಸ್ಟರಿನ ಗುಜರಿಗೆ ಹೋದ ಡಬ್ಬಿಯಲ್ಲಿ. "ಇಲ್ಲೇ ಇದೆ ಚಿಕ್ಕಪ್ಪ, ಆದ್ರೆ ನೋಡೋಕೆ ಆಗಲ್ಲ" ಅಂತ ಹೇಳೋದು ಎಷ್ಟು ಕಷ್ಟ ಗೊತ್ತಾ? ಅವರು ಪರದೆಯ ಮೇಲಿನ ತಾರೀಖನ್ನೇ ಸ್ವಲ್ಪ ಹೊತ್ತು ನೋಡಿ "ಅದೇ ದಿನ ಕಣೋ" ಅಂದರು.

ಕನ್ನಡ ಸಾಹಿತ್ಯ ಚರಿತ್ರೆ ಓದಿದವರಿಗೆ ಈ ಸ್ಥಿತಿ ಹೊಸದಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ಹಿಂದಿನವರ ಹೆಸರು ಹೇಳುತ್ತೆ. ಅವರ ಕನ್ನಡ ಕೃತಿ ಒಂದೂ ಸಿಕ್ಕಿಲ್ಲ. ಮೆಟಾಡೇಟಾ ಮಾತ್ರ ಇದೆ! ಒಂದನೇ ಗುಣವರ್ಮನ 'ಶೂದ್ರಕ'ವೂ ಪೂರ್ತಿ ಸಿಕ್ಕಿಲ್ಲ, ಆದರೆ ಅದರ ಪದ್ಯಗಳು ಒಂದಷ್ಟು ಉಳಿದಿವೆ. ಯಾಕೆ? ಮಲ್ಲಿಕಾರ್ಜುನ ತನ್ನ 'ಸೂಕ್ತಿಸುಧಾರ್ಣವ'ಕ್ಕೆ ಅವನ್ನು ಎತ್ತಿ ಬರೆದುಕೊಂಡ. ಉಳಿದದ್ದೆಲ್ಲ ಯಾರೋ ನಕಲು ಮಾಡಿದ್ದರಿಂದಲೇ ಉಳಿದದ್ದು. ತಾಳೆಗರಿ ಬರೆದ ಲಿಪಿಕಾರನಿಗೂ ಟೇಪ್ ರೆಕಾರ್ಡರ್ ಹಚ್ಚಿಟ್ಟ ಹುಡುಗನಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ನಮ್ಮಲ್ಲೂ ಡಿಟಿಎಚ್ ಡಬ್ಬಿಗೆ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡಿದ್ದು ಸಾಮಾನ್ಯವಾಗಿ ಅದೇ ಡಬ್ಬಿಯಲ್ಲೇ ಓಡುತ್ತೆ. ಬೀಗ ಒಡೆಯೋದರ ಬಗ್ಗೆ ಬ್ರಿಟನ್ 2003ರಲ್ಲೇ ಬಿಗಿ ನಿಯಮ ತಂತು. ನಮ್ಮ 2012ರ ಕಾಪಿರೈಟ್ ತಿದ್ದುಪಡಿ ಸ್ವಲ್ಪ ಮೆತ್ತಗಿದೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಅಪರಾಧ ಅನ್ನುತ್ತೆ. ಆದರೆ ಕಾನೂನು ಎಷ್ಟು ಮೆತ್ತಗಿದ್ದರೇನು, ಕೀಲಿಯೇ ಗುಜರಿಗೆ ಹೋದ ಮೇಲೆ?

ನನಗನ್ನಿಸೋದು ಇಷ್ಟು. ಹಕ್ಕುದಾರರು ನಕಲಿಗೆ ಬೀಗ ಹಾಕಲಿ, ಆದರೆ ಆ ಬೀಗಕ್ಕೆ ಒಂದು ವಯಸ್ಸು ಇರಲಿ. ಡಬ್ಬಿ ಸತ್ತಾಗ ಮನೆಯವರ ಕೈಗೆ ಕೀಲಿ ಸಿಗೋ ವ್ಯವಸ್ಥೆ ಇರಲಿ. ಅದು ಬರುವವರೆಗೆ ನಾವು ಮಾಡಬಹುದಾದ್ದು ಒಂದೇ. ನಿಮ್ಮ ಮನೆಯಲ್ಲೋ, ಪರದೇಶದಲ್ಲಿರುವ ನಿಮ್ಮವರ ಮನೆಯಲ್ಲೋ ಇಂಥ ಡಬ್ಬಿ ಇದ್ದರೆ, ಅದು ಇನ್ನೂ ಓಡುತ್ತಿರುವಾಗಲೇ ಅದು ಬಿಟ್ಟುಕೊಡುವಷ್ಟನ್ನು ಹೊರಗೆ ನಕಲು ಮಾಡಿಡಿ. ಡಿಸ್ಕ್ ಇದೆಯಲ್ಲ ಅಂತ ನಂಬಿಕೊಂಡು ಡಬ್ಬಿ ಎಸೆಯಬೇಡಿ.

ನಿಮ್ಮ ಮನೆಗಳಲ್ಲೂ ಹೀಗೆ ಬೀಗದೊಳಗೆ ಸಿಕ್ಕಿಕೊಂಡಿದ್ದು ಏನಾದರೂ ಇದ್ದರೆ ಹೇಳಿ, ಕೇಳೋಣ.