ಬ್ರೆಡ್ ಪುಡ್ಡಿಂಗ್

ತಂಗಳು ಬ್ರೆಡ್ಡನ್ನು ಹಾಲು, ಮೊಟ್ಟೆ, ಸಕ್ಕರೆಯಲ್ಲಿ ನೆನೆಸಿ ಹದವಾದ ಬಿಸಿಯಲ್ಲಿ ಬೇಯಿಸುವ ಸಿಹಿತಿಂಡಿ. ಇದರ ತವರಾದ ಇಂಗ್ಲೆಂಡಿನಲ್ಲಿ ಎರಡು ರೂಪಗಳಿವೆ. ನೆನೆದ ಬ್ರೆಡ್ಡನ್ನು ಹಿಂಡಿ, ಕಿವುಚಿ, ಒಣದ್ರಾಕ್ಷಿ ಮತ್ತು ಮಸಾಲೆ ಬೆರೆಸಿ ಬೇಯಿಸಿದ್ದು ಬ್ರೆಡ್ ಪುಡ್ಡಿಂಗ್. ಇದು ಗಟ್ಟಿ, ಆರಿದ ಮೇಲೆ ತುಂಡು ಮಾಡಿ ತಿನ್ನುತ್ತಾರೆ. ಬೆಣ್ಣೆ ಸವರಿದ ಹೋಳುಗಳನ್ನು ಪದರ ಪದರವಾಗಿ ಜೋಡಿಸಿ ಮೇಲೆ ಹಾಲು, ಮೊಟ್ಟೆ, ಸಕ್ಕರೆ ಕದಡಿದ ಕಸ್ಟರ್ಡ್ ಸುರಿದು ಬೇಯಿಸಿದ್ದು ಬ್ರೆಡ್ ಅಂಡ್ ಬಟರ್ ಪುಡ್ಡಿಂಗ್. ನಮ್ಮಲ್ಲಿ ಎರಡಕ್ಕೂ ಮೊದಲಿನ ಹೆಸರೇ ನಡೆಯುತ್ತದೆ.

ಇದನ್ನು ಬಡವರ ಪುಡ್ಡಿಂಗ್ ಎಂದು ಕರೆಯುವ ರೂಢಿಯಿದೆ. ಉಳಿದ ಬ್ರೆಡ್ಡನ್ನು ಬಿಸಾಡದ ಮನೆಗಳಲ್ಲಿ ಹುಟ್ಟಿದ ತಿಂಡಿ ಎಂಬಷ್ಟರ ಮಟ್ಟಿಗೆ ಅದು ಸರಿ. ಆದರೆ ಅಚ್ಚಾದ ಹಳೆಯ ಪಾಕಪುಸ್ತಕಗಳಲ್ಲಿ ಕಾಣುವುದು ಸಿರಿವಂತರ ಅಡುಗೆಮನೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ, ಮುಖ್ಯವಾಗಿ ಡೆವನ್ ಪ್ರಾಂತದಲ್ಲಿ, ವೈಟ್‌ಪಾಟ್ ಎಂಬ ತಿನಿಸಿತ್ತು: ಕೆನೆ, ಮೊಟ್ಟೆ, ಬ್ರೆಡ್ಡಿನ ಹೋಳು, ಒಣಹಣ್ಣು. ಎಲಿಜಾ ಸ್ಮಿತ್ ಬರೆದ, 1727ರಲ್ಲಿ ಮೊದಲು ಅಚ್ಚಾದ ‘ದಿ ಕಂಪ್ಲೀಟ್ ಹೌಸ್‌ವೈಫ್’ ಪುಸ್ತಕದಲ್ಲಿ ಉಪವಾಸದ ದಿನಗಳಿಗೆಂದೇ ಬ್ರೆಡ್ ಅಂಡ್ ಬಟರ್ ಪುಡ್ಡಿಂಗಿನ ವಿಧಾನವಿದೆ. ಉಪವಾಸವೆಂದರೆ ಮಾಂಸ ಬಿಡುವುದಷ್ಟೇ. ಒಂದು ಲೋಫಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬೆಣ್ಣೆ, ಸುಮಾರು ಒಂದೂವರೆ ಲೀಟರ್ ಕೆನೆ, ಹತ್ತು ಮೊಟ್ಟೆಯ ಹಳದಿ, ಒಂದು ಇಡೀ ಜಾಯಿಕಾಯಿ, ಸಾಲದ್ದಕ್ಕೆ ಕಿತ್ತಳೆ ಹೂವಿನ ನೀರು! ಬಡವರ ಮನೆಯಲ್ಲಿ ಇದನ್ನು ಬೇಯಿಸಲು ಸಾಧ್ಯವಿರಲಿಲ್ಲ. ಸಕ್ಕರೆ ಅಗ್ಗವಾಗಿ, ಮನೆಮನೆಗೂ ಒಲೆಯೊಳಗೇ ಓವನ್ ಬಂದ ಮೇಲಷ್ಟೇ ಇದು ಎಲ್ಲರ ತಿಂಡಿಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆಹಾರ ಪೋಲು ಮಾಡುವುದೇ ಅಪರಾಧವಾಗಿತ್ತು. 1942ರಲ್ಲಿ ಬಂದ ಕಂದು ಬಣ್ಣದ ‘ನ್ಯಾಷನಲ್ ಲೋಫ್’ ಮತ್ತು ಮೊಟ್ಟೆಪುಡಿಯಿಂದಲೇ ಗೃಹಿಣಿಯರು ಪುಡ್ಡಿಂಗ್ ಮಾಡಿದರು. ಮುಂದೆ ಶಾಲೆಗಳ ಊಟದ ತಟ್ಟೆಯಲ್ಲಿ ಸಪ್ಪೆಯಾಗಿದ್ದ ಇದಕ್ಕೆ 1980ರ ದಶಕದಲ್ಲಿ ಲಂಡನ್ನಿನ ಡಾರ್ಚೆಸ್ಟರ್ ಹೋಟೆಲಿನ ಬಾಣಸಿಗ ಆಂಟನ್ ಮೋಸಿಮನ್ ಹಗುರವಾದ ಹೊಸ ರೂಪ ಕೊಟ್ಟು ಮತ್ತೆ ಮರ್ಯಾದೆ ತಂದರು.

ಮೆಕ್ಸಿಕೋದ ಕ್ರೈಸ್ತರು ತಪಸ್ಸುಕಾಲದಲ್ಲಿ ಮಾಡುವ ಕಪಿರೊತಾದಾ ಇದೇ ಬಳಗದ್ದು. ಅದರಲ್ಲಿ ಬೆಲ್ಲದ ಪಾಕವೂ ಚೀಸೂ ಇರುತ್ತವೆ. ನಮಗೆ ಹತ್ತಿರದ್ದು ಹೈದರಾಬಾದಿನ ಡಬಲ್ ಕಾ ಮೀಠಾ. ಬ್ರೆಡ್ಡನ್ನು ತುಪ್ಪದಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಅದ್ದಿ, ಬತ್ತಿಸಿದ ಹಾಲು, ಕೇಸರಿ, ಬಾದಾಮಿ ಹಾಕುವ ಈ ಸಿಹಿಯನ್ನು ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್ ಕಡೆಯ ಮುಸ್ಲಿಂ ಮದುವೆಗಳಲ್ಲೂ ಬಡಿಸುತ್ತಾರೆ. ಇಂಗ್ಲಿಷ್ ಬಗೆಯದು ಇಲ್ಲಿಗೆ ಬಂದದ್ದು ಬ್ರಿಟಿಷರ ಬಂಗಲೆ, ಕ್ಲಬ್ಬು, ದಂಡು ಪ್ರದೇಶಗಳ ಮೂಲಕ.

ಮನೆಯಲ್ಲಿ ಮಾಡಲು ಆರೇಳು ಹೋಳು ಬ್ರೆಡ್, ಅರ್ಧ ಲೀಟರ್ ಹಾಲು, ಮೂರು ಮೊಟ್ಟೆ, ನಾಲ್ಕೈದು ಚಮಚ ಸಕ್ಕರೆ ಸಾಕು. ತಂಗಳು ಬ್ರೆಡ್ ಬೇಕೆನ್ನುವುದು ಉಳಿತಾಯಕ್ಕಷ್ಟೇ ಅಲ್ಲ. ದಿನ ಕಳೆದಂತೆ ಬ್ರೆಡ್ಡಿನ ಪಿಷ್ಟ ಬಿಗಿಯುತ್ತದೆ. ಆಗ ಅದು ಹಾಲು ಹೀರಿಯೂ ಆಕಾರ ಉಳಿಸಿಕೊಳ್ಳುತ್ತದೆ. ತಾಜಾ ಬ್ರೆಡ್ ಅಂಬಲಿಯಾಗುತ್ತದೆ. ಹಾಲು ಸುರಿದ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು. ಹೋಳಿನ ನಡುಭಾಗ ಒತ್ತಿದರೆ ಒಣಗಿದ ತಿರುಳು ಕೈಗೆ ಸಿಗಬಾರದು. ಕಸ್ಟರ್ಡ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ, ಬಿಸಿ ಹೆಚ್ಚಾದರೆ ಒಡೆದು ನೀರು ಬಿಡುತ್ತದೆ. ಪಾತ್ರೆಯನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು 160 ಡಿಗ್ರಿ ಓವನ್‌ನಲ್ಲಿ ಬೇಯಿಸುವುದು ಅದಕ್ಕಾಗಿಯೇ. ಓವನ್ ಇಲ್ಲದವರು ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯ ಹಬೆಗೆ ಇಡುತ್ತಾರೆ. ಮೇಲೆ ಹೊಂಬಣ್ಣದ ಪದರ ಬಾರದಿದ್ದರೂ ಮೃದುತ್ವಕ್ಕೆ ಕೊರತೆಯಿಲ್ಲ. ಮೊಟ್ಟೆ ತಿನ್ನದ ಮನೆಗಳಲ್ಲಿ ಕಸ್ಟರ್ಡ್ ಪುಡಿ ಬಳಸುತ್ತಾರೆ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಅದನ್ನು ತಯಾರಿಸಿದ್ದ.