ಋತುಬಂಧಪೂರ್ವ ಅವಧಿ: ಆರಂಭಿಕ ಚಿಹ್ನೆಗಳು, ಆರೈಕೆ ಹಾಗೂ ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಮಹಿಳೆಯರಿಗೆ ಮಾಹಿತಿ

ಸತತವಾಗಿ 12 ತಿಂಗಳುಗಳ ಕಾಲ ಮುಟ್ಟು ಆಗದಿದ್ದಲ್ಲಿ ಅದನ್ನು ಋತುಬಂಧವೆಂದು ಪರಿಗಣಿಸಲಾಗುತ್ತದೆ. ಮುಟ್ಟಿನ ಕ್ರಮ ತಪ್ಪಲಾರಂಭಿಸಿದಂದಿನಿಂದ ಋತುಬಂಧವು ಖಚಿತವಾಗುವವರೆಗಿನ ಕಾಲವನ್ನು ಋತುಬಂಧಪೂರ್ವ ಅವಧಿ ಎನ್ನಲಾಗುತ್ತದೆ. ಭಾರತೀಯ ಮಹಿಳೆಯರಲ್ಲಿ ಋತುಬಂಧವು ಸರಾಸರಿ 46-47ನೆಯ ವಯಸ್ಸಿನಲ್ಲಿ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು 51. ಆದುದರಿಂದ ಇಲ್ಲಿನ ಮಹಿಳೆಯರಲ್ಲಿ 40 ವರ್ಷ ದಾಟಿದ ನಂತರ ಬದಲಾವಣೆಗಳು ಕಾಣಿಸಿಕೊಂಡರೆ ಗಾಬರಿಪಡುವ ಅವಶ್ಯಕತೆ ಇರುವುದಿಲ್ಲ. ಈ ಅವಧಿಯು ಕೆಲವರಲ್ಲಿ ಒಂದೆರಡು ವರ್ಷಗಳಲ್ಲಿ ಮುಗಿಯುತ್ತದೆ, ಮತ್ತೆ ಕೆಲವರಲ್ಲಿ ಅದಕ್ಕಿಂತ ಬಹಳ ದೀರ್ಘವಾಗಿ ಮುಂದುವರಿಯುತ್ತದೆ.

ಇದು ಕಾಯಿಲೆಯಲ್ಲ. ಆದಾಗ್ಯೂ ಈ ಅವಧಿಯಲ್ಲಿ ಎರಡು ಬಗೆಯ ಹಾನಿ ಸಂಭವಿಸುವುದುಂಟು. ಅತಿಯಾದ ರಕ್ತಸ್ರಾವವನ್ನು "ವಯಸ್ಸಿಗೆ ಸಹಜ" ಎಂದು ವರ್ಷಗಟ್ಟಲೆ ಸಹಿಸಿಕೊಂಡು ರಕ್ತಹೀನತೆಗೆ ಒಳಗಾಗುವುದು ಒಂದು. ಮೊದಲ ಸಲಹೆಗೇ ಒಪ್ಪಿ, ತಪಾಸಣೆ ಪೂರ್ಣಗೊಳ್ಳುವ ಮೊದಲೇ ಗರ್ಭಕೋಶವನ್ನು ತೆಗೆಸಿಕೊಳ್ಳುವುದು ಇನ್ನೊಂದು. ಈ ಎರಡನ್ನೂ ತಪ್ಪಿಸಿಕೊಳ್ಳಲು ಅನುವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಆರಂಭಿಕ ಚಿಹ್ನೆಗಳು

ಸಾಮಾನ್ಯವಾಗಿ ಮೊದಲು ಬದಲಾಗುವುದು ಮುಟ್ಟಿನ ಅಂತರ. 28-30 ದಿನಗಳಿಗೆ ಆಗುತ್ತಿದ್ದ ಮುಟ್ಟು 20-22 ದಿನಗಳಿಗೇ ಆಗಬಹುದು, ಇಲ್ಲವೇ ಎರಡು ಮೂರು ತಿಂಗಳು ಮುಂದೆ ಹೋಗಬಹುದು. ಅಂಡಾಶಯದಿಂದ ಪ್ರತಿ ತಿಂಗಳೂ ಅಂಡಾಣು ಬಿಡುಗಡೆಯಾಗದೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಮಾಣ ಏರುಪೇರಾಗುವುದೇ ಇದಕ್ಕೆ ಕಾರಣ. ಅಂಡಾಣು ಬಿಡುಗಡೆಯಾಗದ ತಿಂಗಳಲ್ಲಿ ಗರ್ಭಕೋಶದ ಒಳಪದರವು ದಪ್ಪವಾಗುತ್ತಾ ಹೋಗಿ, ತಡವಾಗಿ ಬಂದ ಮುಟ್ಟಿನಲ್ಲಿ ಸ್ರಾವ ಹೆಚ್ಚಾಗುವುದುಂಟು.

ಇದರೊಂದಿಗೆ ಎದೆ, ಕುತ್ತಿಗೆ ಮತ್ತು ಮುಖಕ್ಕೆ ಏಕಾಏಕಿ ಬಿಸಿ ಏರಿ ಕೆಲವು ನಿಮಿಷಗಳಲ್ಲಿ ಬೆವರಿ ತಣ್ಣಗಾಗುವುದು, ರಾತ್ರಿ ಬೆವರಿನಿಂದ ಎಚ್ಚರವಾಗುವುದು, ನಿದ್ರಾಭಂಗ, ಕೀಲುನೋವು, ಮರೆವು, ಕಾರಣವಿಲ್ಲದೆ ಸಿಟ್ಟು ಅಥವಾ ಅಳು, ಯೋನಿಯ ಶುಷ್ಕತೆ, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಮುಂತಾದವು ಕಂಡುಬರಬಹುದು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಥೈರಾಯ್ಡ್ ದೋಷ ಮತ್ತು ರಕ್ತಹೀನತೆಗಳಲ್ಲಿಯೂ ಸುಸ್ತು, ಮುಟ್ಟಿನ ಏರುಪೇರು ಹಾಗೂ ಮನಸ್ಸಿನ ಕುಗ್ಗುವಿಕೆ ಇರುವುದರಿಂದ ಅವುಗಳನ್ನು ರಕ್ತಪರೀಕ್ಷೆಯಿಂದ ಪ್ರತ್ಯೇಕಿಸಿಕೊಳ್ಳತಕ್ಕದ್ದು.

45 ವರ್ಷ ಮೇಲ್ಪಟ್ಟವರಲ್ಲಿ ಈ ಅವಧಿಯನ್ನು ಗುರುತಿಸಲು ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಅಗತ್ಯವಿರುವುದಿಲ್ಲ. ಹಾರ್ಮೋನಿನ ಮಟ್ಟವು ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದು ಸಲದ ವರದಿಯಿಂದ ತಿಳಿದುಬರುವುದು ಅಲ್ಪ. ಖರ್ಚಿಲ್ಲದ ಒಂದು ದಾಖಲೆ ಇದಕ್ಕಿಂತ ಹೆಚ್ಚು ಉಪಯುಕ್ತ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಇವುಗಳನ್ನು ಬರೆದಿಡುವ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮುಟ್ಟು ಆರಂಭವಾದ ದಿನ, ನಿಂತ ದಿನ, ದಿನಕ್ಕೆ ಬದಲಾಯಿಸಿದ ಬಟ್ಟೆ ಅಥವಾ ಪ್ಯಾಡುಗಳ ಸಂಖ್ಯೆಯನ್ನು ಗುರುತು ಹಾಕುತ್ತಾ ಬಂದರೆ ಮೂರು ತಿಂಗಳ ಲೆಕ್ಕವು ವೈದ್ಯರಿಗೆ ಬಹಳಷ್ಟನ್ನು ತಿಳಿಸುತ್ತದೆ.

40 ವರ್ಷಕ್ಕೆ ಮೊದಲೇ ಮುಟ್ಟು ನಿಲ್ಲುವ ಸೂಚನೆ ಕಂಡುಬಂದಲ್ಲಿ ಅದನ್ನು ಸಹಜವೆಂದು ಬಿಡತಕ್ಕದ್ದಲ್ಲ. ಅಂತಹವರಿಗೆ ಮೂಳೆ ಮತ್ತು ಹೃದಯದ ರಕ್ಷಣೆಗಾಗಿ ಚಿಕಿತ್ಸೆಯ ಅಗತ್ಯವಿರುತ್ತದೆ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರಿಂದ ಮುಟ್ಟು ಬೇಗ ನಿಲ್ಲುತ್ತದೆ ಎಂಬ ಮಾತು ಗ್ರಾಮಾಂತರ ಭಾಗಗಳಲ್ಲಿ ಕೇಳಿಬರುತ್ತದೆ. ಇದು ಸರಿಯಲ್ಲ, ಸದರಿ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳವನ್ನು ಮಾತ್ರ ತಡೆಯಲಾಗುತ್ತದೆ, ಅಂಡಾಶಯವನ್ನು ಮುಟ್ಟುವುದಿಲ್ಲ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಗಂಟೆಗೊಂದು ಅಥವಾ ಎರಡು ಗಂಟೆಗೊಂದು ಪ್ಯಾಡ್ ತೋಯುವಷ್ಟು ಸ್ರಾವ, ದೊಡ್ಡ ಗಡ್ಡೆಗಳು, ಏಳು ದಿನಗಳಿಗೆ ಮೀರಿದ ಸ್ರಾವ, ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣಿಸಿಕೊಳ್ಳುವುದು ಇವು ವಯಸ್ಸಿನ ಲಕ್ಷಣಗಳೆಂದು ಭಾವಿಸತಕ್ಕದ್ದಲ್ಲ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ದಿನ, ಒಂದೇ ಹನಿ ರಕ್ತ ಕಂಡರೂ ಪರೀಕ್ಷಿಸಿಕೊಳ್ಳುವುದು ಕಡ್ಡಾಯ. "ಮತ್ತೆ ಮುಟ್ಟಾಯಿತು, ಒಳ್ಳೆಯದೇ" ಎಂದು ಸುಮ್ಮನಾಗುವ ರೂಢಿಯು ಅಪಾಯಕಾರಿ. ಇಂತಹ ಸ್ರಾವದ ಕಾರಣಗಳಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಹ ಒಂದಾಗಿದ್ದು, ಬೇಗ ಪತ್ತೆಯಾದಲ್ಲಿ ಗುಣಪಡಿಸಲು ಸಾಧ್ಯವಿರುತ್ತದೆ.

5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15-49 ವಯೋಮಾನದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ಈ ಅವಧಿಯನ್ನು ಪ್ರವೇಶಿಸುವಾಗಲೇ ರಕ್ತದ ಕೊರತೆಯಲ್ಲಿರುತ್ತಾರೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದಲ್ಲಿ ರಕ್ತಹೀನತೆ; 8 ಗ್ರಾಂಗಿಂತ ಕಡಿಮೆಯಿದ್ದಲ್ಲಿ ತೀವ್ರ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಅಥವಾ ಹಾಲಿನೊಂದಿಗೆ ಸೇವಿಸಬಾರದು; ನಿಂಬೆಹಣ್ಣಿನ ಪಾನಕದೊಂದಿಗೆ ಸೇವಿಸಿದಲ್ಲಿ ಹೆಚ್ಚು ಪ್ರಯೋಜನ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವಾಗಿದ್ದು, ಅದಕ್ಕಾಗಿ ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ.

ಗರ್ಭಕೋಶ ತೆಗೆಯುವ ಸಲಹೆ ದೊರೆತಲ್ಲಿ

ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಬಡ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು 2015ರಲ್ಲಿ ಬೆಳಕಿಗೆ ಬಂದವು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಗಟ್ಟಲು ಕೇಂದ್ರ ಸರ್ಕಾರವು 2022ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು ದಿನಾಂಕ 05-04-2023ರಂದು ಎಲ್ಲಾ ರಾಜ್ಯಗಳಿಗೆ ನಿರ್ದೇಶನ ನೀಡಿತು.

ಕ್ಯಾನ್ಸರ್, ಔಷಧಿಗೆ ಬಗ್ಗದ ದೊಡ್ಡ ಗಡ್ಡೆ, ಗರ್ಭಕೋಶ ಜಾರುವಿಕೆ ಮುಂತಾದ ಸಂದರ್ಭಗಳಲ್ಲಿ ಈ ಶಸ್ತ್ರಚಿಕಿತ್ಸೆಯು ಅಗತ್ಯವಾಗಬಹುದು. ಆದರೆ ಮುಟ್ಟಿನ ಏರುಪೇರೊಂದೇ ಅದಕ್ಕೆ ಕಾರಣವಾಗತಕ್ಕದ್ದಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಸ್ಕ್ಯಾನಿಂಗ್ ವರದಿಯಲ್ಲಿ ಏನಿದೆ, ಗರ್ಭಕೋಶದ ಒಳಪದರದ ತುಣುಕನ್ನು ಪರೀಕ್ಷೆಗೆ ಕಳುಹಿಸಲಾಗಿದೆಯೇ, ಸ್ರಾವ ತಗ್ಗಿಸುವ ಮಾತ್ರೆಗಳನ್ನು ಅಥವಾ ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನ್ ಸಾಧನವನ್ನು ಪ್ರಯತ್ನಿಸಬಹುದೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ಪ್ರತಿಯೊಬ್ಬ ಮಹಿಳೆಗೂ ಇದೆ. ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಮೊದಲ ವೈದ್ಯರಿಗೆ ತೋರುವ ಅಗೌರವವಲ್ಲ. ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದಲ್ಲಿ ಋತುಬಂಧವು ಅಂದಿನಿಂದಲೇ, ತೀವ್ರವಾಗಿ ಆರಂಭವಾಗುತ್ತದೆ. ಈಗಾಗಲೇ ಶಸ್ತ್ರಚಿಕಿತ್ಸೆ ಆಗಿರುವವರು ತಮ್ಮ ಬಿಡುಗಡೆ ಚೀಟಿಯಲ್ಲಿ ಅಂಡಾಶಯವನ್ನು ಉಳಿಸಲಾಗಿದೆಯೇ ಎಂಬುದನ್ನು ನೋಡಿಸಿಕೊಂಡು, ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಆಹಾರ ಮತ್ತು ದಿನಚರಿ

ಈ ಭಾಗದ ಊಟವು ಮೂಳೆಗೆ ಅನುಕೂಲಕರವಾಗಿಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಅಕ್ಕಿಯಲ್ಲಿ ಅದು ಅತ್ಯಲ್ಪ. ಮುದ್ದೆಯನ್ನು ಬಿಟ್ಟು ಅನ್ನಕ್ಕೆ ಬದಲಾದ ಪಟ್ಟಣದ ಮನೆಗಳವರು ದಿನಕ್ಕೊಂದು ಹೊತ್ತಾದರೂ ರಾಗಿಗೆ ಮರಳುವುದು ಒಳ್ಳೆಯದು. ನುಗ್ಗೆ ಸೊಪ್ಪು, ಹುರಳಿ, ಎಳ್ಳು, ಮಜ್ಜಿಗೆ ಇವೂ ಇರಲಿ. ಬೆಳಗಿನ ಅರ್ಧ ಗಂಟೆಯ ನಡಿಗೆ ನಿದ್ರೆಗೆ ಸಹಕಾರಿ. ರಾತ್ರಿ ಬೆವರುವವರು ಸಂಜೆಯ ನಂತರ ಕಾಫಿ ಮತ್ತು ಅತಿ ಖಾರವನ್ನು ಕಡಿಮೆ ಮಾಡಿ ನೋಡಬಹುದು.

ಬಿಸಿ ಏರುವಿಕೆ ತೀವ್ರವಾಗಿದ್ದು ದೈನಂದಿನ ಕೆಲಸಕ್ಕೆ ಅಡ್ಡಿಯಾದಲ್ಲಿ ಹಾರ್ಮೋನ್ ಚಿಕಿತ್ಸೆ ಪರಿಣಾಮಕಾರಿ. ಸ್ತನ ಕ್ಯಾನ್ಸರ್, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ಕಾಯಿಲೆ ಅಥವಾ ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಸೂಕ್ತವಲ್ಲ. ಆದುದರಿಂದ ನೆರೆಯವರಿಗೆ ಗುಣವಾಯಿತೆಂದು ಅದೇ ಮಾತ್ರೆಯನ್ನು ಔಷಧಿ ಅಂಗಡಿಯಿಂದ ನೇರವಾಗಿ ತರಿಸಿಕೊಳ್ಳಬಾರದು.

ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲವೆಂದು ತಿಳಿಯಬಾರದು. 50 ವರ್ಷದೊಳಗಿನವರು ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ಮೀರಿದವರು ಒಂದು ವರ್ಷ ಗರ್ಭನಿರೋಧಕ ಕ್ರಮವನ್ನು ಮುಂದುವರಿಸತಕ್ಕದ್ದು. ವಂಕಿ ಹಾಕಿಸಿಕೊಂಡು ಮರೆತವರು ಈ ಅವಧಿ ಮುಗಿದ ನಂತರ ಅದನ್ನು ತೆಗೆಸಿಕೊಳ್ಳುವುದು ಅವಶ್ಯಕ.

ಎಲ್ಲಿ, ಹೇಗೆ ತೋರಿಸಿಕೊಳ್ಳಬೇಕು

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರವನ್ನು ಸಂಪರ್ಕಿಸುವುದು ಅನುಕೂಲ. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯು ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ ನಡೆಯುತ್ತಿದ್ದು, ಅದೇ ಭೇಟಿಯಲ್ಲಿ ಇವುಗಳನ್ನೂ ವಿಚಾರಿಸಬಹುದು. ಹೆಚ್ಚಿನ ತಪಾಸಣೆಗೆ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕಿನವರು ತಮ್ಮ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನೂ, ತುಮಕೂರು ನಗರದವರು ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗವನ್ನೂ ಸಂಪರ್ಕಿಸಬಹುದಾಗಿದೆ. ವೈದ್ಯರ ಎದುರು ಹೇಳಿಕೊಳ್ಳಲು ಸಂಕೋಚವಾದಲ್ಲಿ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಬಹುದು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಈ ಯೋಜನೆಯಲ್ಲಿ ತುರ್ತು ಸಂದರ್ಭಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ತೆರಳಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಬೆಂಗಳೂರು ಹತ್ತಿರವೆಂದು ಕುಣಿಗಲ್ ಕಡೆಯಿಂದ ನೇರವಾಗಿ ಹೋಗುವವರು ಈ ಅಂಶವನ್ನು ಗಮನಿಸತಕ್ಕದ್ದು. ಆಧಾರ್, ಪಡಿತರ ಚೀಟಿ, ಹಿಂದಿನ ಸ್ಕ್ಯಾನಿಂಗ್ ಹಾಗೂ ರಕ್ತಪರೀಕ್ಷೆಯ ವರದಿಗಳು, ಸೇವಿಸುತ್ತಿರುವ ಮಾತ್ರೆಗಳು ಮತ್ತು ಮುಟ್ಟಿನ ದಿನಗಳ ಗುರುತುಳ್ಳ ಕ್ಯಾಲೆಂಡರನ್ನು ಜೊತೆಯಲ್ಲಿ ತರುವಂತೆ ಕೋರಲಾಗಿದೆ.

ನಿದ್ರೆಯಿಲ್ಲದಿರುವಿಕೆ, ಬೇಸರ ಅಥವಾ ಬದುಕೇ ಬೇಡವೆಂಬ ಭಾವನೆ ಕಾಡುತ್ತಿದ್ದಲ್ಲಿ ಟೆಲಿ-ಮಾನಸ್ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಲು ಅವಕಾಶವಿದೆ.